ಜಾರುವ ಕಲ್ಲಿಗೆ ಬೆಣೆ

ಪ್ರಶ್ನೆ: ರಾಮನಗರದ ಬಂಡೆಗಳಲ್ಲಿ ಕ್ಲೈಂಬಿಂಗ್ ಕಲಿತವನು ನಾನು. ಈಗ ಓದಲು ಇಂಗ್ಲೆಂಡಿನ ಶೆಫೀಲ್ಡ್‌ಗೆ ಬಂದಿದ್ದೇನೆ. ಇಲ್ಲಿನ ಸ್ಟ್ಯಾನೇಜ್‌ನ ಒರಟು ಕಲ್ಲಿನಲ್ಲಿ ನನ್ನ ಕ್ಯಾಮ್‌ಗಳು (ಬಿರುಕಿನೊಳಗೆ ಅಗಲವಾಗಿ ಎರಡೂ ಗೋಡೆಗೆ ಒತ್ತಿ ನಿಂತು, ಬಿದ್ದರೆ ಹಗ್ಗ ಹಿಡಿಯುವ ಸ್ಪ್ರಿಂಗ್ ಸಾಧನಗಳು) ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಸ್ಟೋನಿ ಮಿಡಲ್‌ಟನ್‌ನ ಸುಣ್ಣಕಲ್ಲಿನಲ್ಲಿ ಮಾತ್ರ ಎಳೆದು ನೋಡಿದರೆ ಸರ್ರನೆ ಜಾರಿ ಬಂತು. ಇನ್ನೂ ದುಬಾರಿ ಕ್ಯಾಮ್ ಕೊಳ್ಳಲಾ?
— ಓದುಗರೊಬ್ಬರು, ಶೆಫೀಲ್ಡ್

ಉತ್ತರ: ದುಡ್ಡು ಸದ್ಯಕ್ಕೆ ಜೇಬಲ್ಲೇ ಇರಲಿ. ಚಿಕ್ಕಂದಿನಲ್ಲಿ ಬಾಗಿಲ ಚೌಕಟ್ಟಿಗೆ ಎರಡೂ ಕಾಲು ಒತ್ತಿ ಮೇಲೆ ಹತ್ತಿದ್ದೀರಿ ಅಲ್ವಾ? ಕ್ಯಾಮ್ ಮಾಡುವುದೂ ಅದನ್ನೇ. ಎಣ್ಣೆ ಸ್ನಾನದ ದಿನ ಅದೇ ಆಟ ಆಡಿದ್ದರೆ ಸೊಂಟ ಉಳಿಯುತ್ತಿರಲಿಲ್ಲ.

ಕ್ಯಾಮ್‌ನ ಬಾಗಿದ ಹಲ್ಲು ಗೋಡೆಗೆ ಒತ್ತುವ ಕೋನ ಬಹಳಷ್ಟು ಕ್ಯಾಮ್‌ಗಳಲ್ಲಿ 13.75 ಡಿಗ್ರಿ ಆಸುಪಾಸು. ಕೆಳಗೆ 100 ಕೆ.ಜಿ. ಎಳೆದರೆ ಬಿರುಕಿನ ಒಂದೊಂದು ಗೋಡೆಗೂ ಸುಮಾರು 200 ಕೆ.ಜಿ. ಒತ್ತುತ್ತದೆ. ಆ ಒತ್ತಡದ ಕಾಲು ಭಾಗದಷ್ಟಾದರೂ ಘರ್ಷಣೆ ಸಿಗಬೇಕು. ರಾಮನಗರದ ಗ್ರಾನೈಟಿನಲ್ಲಿ ಅದಕ್ಕೇನೂ ಬರವಿಲ್ಲ. ನುಣುಪು ಸುಣ್ಣಕಲ್ಲಿನಲ್ಲಿ, ಅದರಲ್ಲೂ ಒಳಗೆ ಮಣ್ಣಿದ್ದರೆ, ಕಷ್ಟ. ಮೆಟೋಲಿಯಸ್ ಕಂಪನಿಯ ಕ್ಯಾಮ್‌ಗಳ ಕೋನ 13.25. ಸ್ವಲ್ಪ ಅನುಕೂಲ, ಅಷ್ಟೇ.

ನನಗೆ ಬುದ್ಧಿ ಬಂದದ್ದು ಹಂಪಿಯಲ್ಲಿ. ಹೊಳೆದಂಡೆಯಲ್ಲಿ ನೀರು ಉಜ್ಜಿ ನುಣ್ಣಗಾದ ಬಂಡೆ. ಎದೆಯೆತ್ತರದ ಬಿರುಕಿಗೆ ಕ್ಯಾಮ್ ಹಾಕಿ, ಅದಕ್ಕೆ ಸಿಕ್ಕಿಸಿದ ಸ್ಲಿಂಗ್‌ನಲ್ಲಿ (ಪಟ್ಟಿಯ ಕುಣಿಕೆ) ಕಾಲಿಟ್ಟು ನಿಂತೆ. ನಿಂತಿತು. ಖುಷಿಗೆ ಒಂದು ಸಲ ಕುಪ್ಪಳಿಸಿದೆ. ಮರುಕ್ಷಣ ಮರಳಿನ ಮೇಲೆ ಕೂತಿದ್ದೆ! ಕಲ್ಲಿನ ಮೇಲೆ ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಅಲ್ಯೂಮಿನಿಯಂ ಗೆರೆಗಳು. ಅಲ್ಲಿಂದ ಒಂದು ಗೇಣು ಕೆಳಗೆ ಬಿರುಕು ಹೆಬ್ಬೆರಳಷ್ಟು ಕಿರಿದಾಗಿತ್ತು. ಅಲ್ಲೊಂದು ನಟ್ ಕೂರಿಸಿ ಗೆಳೆಯನೂ ನಾನೂ ಜೋತುಬಿದ್ದೆವು. ಅಲುಗಲಿಲ್ಲ. ಬಿಡಿಸಲು ಕಾಲು ಗಂಟೆ ಹಿಡಿಯಿತು.

ನಟ್ ಅಂದರೆ ಲೋಹದ ಬೆಣೆ. ಕಿರಿದಾಗುವ ಜಾಗದಲ್ಲಿ ಅದನ್ನು ಹಿಡಿಯುವುದು ಕಲ್ಲಿನ ಆಕಾರ, ಒರಟುತನವಲ್ಲ. ನೀವಿರುವ ದೇಶದಲ್ಲೇ ಹಳೇ ಕಾಲದ ಕ್ಲೈಂಬರ್‌ಗಳು ನಿಜವಾದ ಯಂತ್ರದ ನಟ್‌ಗಳಿಗೆ ಹಗ್ಗ ಪೋಣಿಸಿ ಬಿರುಕಿಗೆ ಸಿಕ್ಕಿಸುತ್ತಿದ್ದರು. ಹೆಸರು ಬಂದದ್ದೇ ಹಾಗೆ. ಸುಣ್ಣಕಲ್ಲಿನಲ್ಲಿ ಆರಪಾರ ತೂತುಗಳೂ ಇರುತ್ತವೆ. ಗಟ್ಟಿ ತೂತು ಸಿಕ್ಕರೆ ಸ್ಲಿಂಗ್ ತೂರಿಸಿ ಕಟ್ಟಿ, ನನಗೆ ನಟ್‌ಗಿಂತಲೂ ಅದೇ ಇಷ್ಟ. ಬಿರುಕಿಗೆ ಹಾಕುವ ಇತರ ಲೋಹದ ತುಂಡುಗಳಾದ ಹೆಕ್ಸ್, ಟ್ರೈಕ್ಯಾಮ್‌ಗಳನ್ನೂ ಬೆಣೆಯ ಹಾಗೆ ಕೂರಿಸಿ. ತಿರುಗಿಸಿ ಒತ್ತಿ ನಿಲ್ಲಿಸಿದರೆ ಅವೂ ಘರ್ಷಣೆಯನ್ನೇ ನೆಚ್ಚಿಕೊಂಡಿರುತ್ತವೆ.

ಎರಡೂ ಗೋಡೆ ಸಮಾನಾಂತರ, ಎರಡೂ ನುಣುಪು ಅಂದರೆ ಕ್ಯಾಮೇ ಗತಿ. ಒಳಗೆ ಬ್ರಷ್ ಆಡಿಸಿ ಒರೆಸಿ, ಎರಡೆರಡು ಹಾಕಿ. ಆದರೂ ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮುಂದಿನ ಒಳ್ಳೆಯ ನಟ್ ಕೈಗೆಟುಕುವಷ್ಟು ಹತ್ತಿರ ಇಲ್ಲದಿದ್ದರೆ ಇಳಿದುಬಿಡಿ.

ಏನಾದರೂ ಕೊಳ್ಳಲೇಬೇಕು ಅಂತಿದ್ದರೆ ಒಂದು ಸೆಟ್ ನಟ್, ಎರಡು ಉದ್ದ ಸ್ಲಿಂಗ್ ಕೊಳ್ಳಿ. ಬ್ರಷ್‌ಗೆ ನಿಮ್ಮ ಹಳೇ ಟೂತ್‌ಬ್ರಷ್ಷೇ ಸಾಕು. ನಟ್ ಬಿಡಿಸುವ ನಟ್ ಕೀ ಮಾತ್ರ ಮರೀಬೇಡಿ, ಹಂಪಿಯಲ್ಲಿ ನಮ್ಮ ಹತ್ತಿರ ಇಲ್ಲದೇ ಹೋದದ್ದು ಅದೇ.