ಹೊಸ ಶಾಲೆಯ ಮಾತುಕತೆಯಲ್ಲಿ ಚರ್ಚಿಗೇನು ಕೆಲಸ?

ವೇಲ್ಸ್‌ನ ನಿಮ್ಮ ಊರಿನಲ್ಲಿ ಹಳೆಯ ಚರ್ಚ್ ಶಾಲೆಯನ್ನು ಮುಚ್ಚಿ ಸಮುದಾಯ ಶಾಲೆ (ಸ್ಥಳೀಯ ಕೌನ್ಸಿಲ್ ನಡೆಸುವ ಶಾಲೆ) ತೆರೆಯುವ ಪ್ರಸ್ತಾವವಿದೆ, ಅದರಲ್ಲಿ ಚರ್ಚು ಏಕೆ ತಲೆಹಾಕುತ್ತಿದೆ ಎಂದು ಕೇಳಿದ್ದೀರಿ. ತಲೆಹಾಕುತ್ತಿಲ್ಲ ಸ್ವಾಮಿ, ಚರ್ಚಿನ ಅಭಿಪ್ರಾಯ ಕೇಳಲೇಬೇಕೆಂಬ ನಿಯಮವಿದೆ. 1920ರಲ್ಲೇ ಅಲ್ಲಿನ ಆಂಗ್ಲಿಕನ್ ಚರ್ಚು ಸರ್ಕಾರದಿಂದ ಬೇರ್ಪಟ್ಟಿತು. ಶಾಲೆಗಳ ನಂಟು ಮಾತ್ರ ಕಳಚಲಿಲ್ಲ. ವೇಲ್ಸ್‌ನ ಶಾಲೆಗಳ ಕುರಿತ 2013ರ ಕಾಯ್ದೆಯಡಿಯ ಸಂಹಿತೆಯಂತೆ ಸಮಾಲೋಚನೆಗೆ ಕನಿಷ್ಠ 42 ದಿನ ಕೊಡಬೇಕು, ಅದರಲ್ಲಿ 20 ಶಾಲಾ ದಿನಗಳಿರಬೇಕು. ಆಮೇಲೆ ಅಧಿಸೂಚನೆ ಹೊರಟರೆ ಆಕ್ಷೇಪಣೆಗೆ 28 ದಿನ. ನೀವೂ ಬರೆಯಬಹುದು, ಲಿಖಿತವಾಗಿಯೇ ಕೊಡಿ.

ನಿಜವಾದ ತೊಡಕು ಜಾಗದ್ದು. ಹಳೆಯ ಕಟ್ಟಡ ಎಷ್ಟೋ ಕಡೆ ಚರ್ಚಿನ ಟ್ರಸ್ಟ್ ಹೆಸರಿನಲ್ಲಿರುತ್ತದೆ. ಹಾಗಾಗಿ ಮೊದಲು ಆ ಟ್ರಸ್ಟ್ ಪತ್ರ ಏನು ಹೇಳುತ್ತದೆ ಎಂದು ಕೌನ್ಸಿಲನ್ನು ಕೇಳಿ.

ಸಮುದಾಯ ಶಾಲೆಯಾದರೆ ಆಡಳಿತ ಮಂಡಳಿಯಲ್ಲಿ ಚರ್ಚು ನೇಮಿಸುವ ಸದಸ್ಯರಿರುವುದಿಲ್ಲ. ಆದರೂ ನಿತ್ಯದ ಸಾಮೂಹಿಕ ಪ್ರಾರ್ಥನೆ ಅಲ್ಲಿಯೂ ಇರುತ್ತದೆ, ಅದೂ ಬಹುತೇಕ ಕ್ರೈಸ್ತ ಸ್ವರೂಪದ್ದೇ! ಮಗುವಿಗೆ ಅದು ಬೇಡವೆನಿಸಿದರೆ ವಿನಾಯಿತಿ ಕೇಳುವ ಹಕ್ಕು ನಿಮಗಿದೆ. 2022ರಲ್ಲಿ ಬಂದ ಪಠ್ಯಕ್ರಮದ ಧರ್ಮ ಮತ್ತು ಮೌಲ್ಯಗಳ ಪಾಠಕ್ಕೆ ಮಾತ್ರ ಆ ವಿನಾಯಿತಿ ಇಲ್ಲ.