ಹಿಮದ ಮೇಲೆ ಮಲಗಿದ ನಾಯಿ ಯಾರದು?

ಓದುಗರ ಪತ್ರ (ಸಂಕ್ಷಿಪ್ತವಾಗಿ)

‘ಮಾನ್ಯ ಸಂಪಾದಕರೇ, ಕಳೆದ ಫೆಬ್ರವರಿಯಲ್ಲಿ ಹಿಮಚಿರತೆಯನ್ನು ನೋಡುವ ಆಸೆಯಿಂದ ಗೆಳತಿಯರೊಂದಿಗೆ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಹೋಗಿ, ಕಿಬ್ಬರ್ ಹಳ್ಳಿಯ ಮನೆಯೊಂದರಲ್ಲಿ ಎಂಟು ದಿನ ಉಳಿದಿದ್ದೆ. ಆ ಮನೆಯ ನಾಯಿ ರಾತ್ರಿಯೆಲ್ಲ ಮಾಳಿಗೆಯ ಮೇಲೆ, ಹಿಮದಲ್ಲಿಯೇ ಮಲಗುತ್ತಿತ್ತು. ಅದಕ್ಕೆ ದಿನಕ್ಕೊಮ್ಮೆ ಹಿಟ್ಟಿನ ಗಂಜಿ ಬಿಟ್ಟರೆ ಬೇರೇನೂ ಇಲ್ಲ. ನಾನು ಬಿಸ್ಕತ್ತು ಹಾಕಲು ಹೋದರೆ ಮನೆಯವರು ಬೇಡವೆಂದರು. ಮರಳುವಾಗ ಕಾಂಗ್ಡಾದಲ್ಲಿ ಕುರಿಗಾಹಿಗಳ ನಾಯಿಗಳ ಕೊರಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ ಬಿಗಿದದ್ದನ್ನೂ, ಕಿವಿ ಕತ್ತರಿಸಿದ್ದನ್ನೂ ಕಂಡು ಕಣ್ಣೀರು ಬಂತು. ಬೆಟ್ಟದ ಜನ ಇಷ್ಟು ಕಲ್ಲೆದೆಯವರೇಕೆ? ನಾವು ಗೆಳತಿಯರು ನಾಯಿಗಳಿಗೆ ತೊಡಿಸಲು ಉಣ್ಣೆಯ ಅಂಗಿಗಳನ್ನು ಸಂಗ್ರಹಿಸುತ್ತಿದ್ದೇವೆ. ದಯವಿಟ್ಟು ಈ ಕುರಿತು ಬರೆಯಿರಿ. ಹೆಸರು ಪ್ರಕಟಿಸಬೇಡಿ.’

ಸಂಪಾದಕರ ಉತ್ತರ

ಪ್ರಿಯ ಸೋದರಿ,

ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಹಿಮಚಿರತೆಯನ್ನು ನೋಡಲು ಅಷ್ಟು ದೂರ ಹೋದವರು ಮನೆಯ ಮಾಳಿಗೆಯ ಮೇಲಿನ ನಾಯಿಯನ್ನು ಎಂಟು ದಿನ ಗಮನಿಸಿ ನೋಡಿದಿರಲ್ಲ, ಅದಕ್ಕಾಗಿ ನಿಮ್ಮನ್ನು ಮನಸಾರೆ ಮೆಚ್ಚುತ್ತೇನೆ. ಕಿವಿ ಕತ್ತರಿಸುವ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಕಾದಾಟದಲ್ಲಿ ಕಿವಿ ಹಿಡಿತಕ್ಕೆ ಸಿಗಬಾರದು ಎಂಬ ಕಾರಣವನ್ನು ಕುರಿಗಾಹಿಗಳು ಹೇಳುತ್ತಾರಾದರೂ ಆ ನೋವು ನನಗೂ ಸಹಿಸುವಂಥದ್ದಲ್ಲ. ಮುದಿ ನಾಯಿಗೂ ಮರಿಗಳಿಗೂ ಗಾಳಿಯ ಮರೆ ಬೇಕೇ ಬೇಕು. ಆದರೆ ‘ಕಲ್ಲೆದೆಯವರು’ ಎಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ, ಅದನ್ನು ನೀವು ಹಿಂತೆಗೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಮೊದಲು ಆ ಕಬ್ಬಿಣದ ಪಟ್ಟಿಯ ಮಾತು. ಅದರ ಮುಳ್ಳುಗಳು ಹೊರಮುಖವಾಗಿರುತ್ತವೆ, ಒಳಮುಖವಾಗಿ ಅಲ್ಲ. ನೀವು ಕಾಂಗ್ಡಾದಲ್ಲಿ ಕಂಡವರು ಗದ್ದಿ ಜನಾಂಗದ ಕುರಿಗಾಹಿಗಳಿರಬೇಕು. ಬೇಸಿಗೆಯಲ್ಲಿ ಲಾಹೌಲ್ ಮತ್ತು ಸ್ಪಿತಿಯ ಹುಲ್ಲುಗಾವಲುಗಳವರೆಗೂ ಏರುವ ಇವರು, ಹಿಮ ಬೀಳುವ ಮುನ್ನ ಧೌಲಾಧಾರ್ ಶ್ರೇಣಿಯನ್ನು ದಾಟಿ ಕುರಿ ಮೇಕೆಗಳೊಂದಿಗೆ ಕೆಳಗಿನ ಶಿವಾಲಿಕ್ ಗುಡ್ಡಗಳಿಗೆ ಇಳಿಯುತ್ತಾರೆ. ಚಳಿಗಾಲದ ಆ ಗುಡ್ಡಗಳಲ್ಲಿ ಚಿರತೆಯ ಕಾಟವಿದೆ, ಮತ್ತು ಚಿರತೆ ಮೊದಲು ಬಾಯಿ ಹಾಕುವುದು ನಾಯಿಯ ಗಂಟಲಿಗೆ. ಬಯಲಿನಲ್ಲಿ ರಾತ್ರಿ ಕಳೆಯುವ ಮಂದೆಯ ಸುತ್ತ ಎರಡೋ ಮೂರೋ ನಾಯಿಗಳಲ್ಲದೆ ಬೇಲಿಯಿಲ್ಲ, ಗೋಡೆಯಿಲ್ಲ. ತನ್ನ ನಾಯಿ ಬೆಳಗಿನವರೆಗೆ ಬದುಕಿರಲಿ ಎಂದು ಕುರಿಗಾಹಿ ಕಮ್ಮಾರನಿಂದ ಮಾಡಿಸಿ ತೊಡಿಸಿದ ಕವಚವನ್ನು ನೀವು ಶಿಕ್ಷೆ ಎಂದುಕೊಂಡಿರಿ. ತಪ್ಪು ನಿಮ್ಮದಲ್ಲ, ಆ ನಾಯಿಯ ಹಗಲನ್ನು ಮಾತ್ರ ನಿಮಗೆ ತೋರಿಸಿದರು, ರಾತ್ರಿಯನ್ನು ಯಾರೂ ಹೇಳಲಿಲ್ಲ.

ಇನ್ನು ಹಿಮದ ಮೇಲಿನ ನಿದ್ದೆ. ಹಲವು ವರ್ಷಗಳ ಹಿಂದೆ ನಾನೂ ಒಂದು ಜನವರಿಯಲ್ಲಿ, ಮನಾಲಿಯ ಕಡೆಯಿಂದ ಬರುವ ಕುಂಜುಮ್ ಕಣಿವೆದಾರಿ ಹಿಮದಲ್ಲಿ ಮುಚ್ಚಿಹೋಗಿದ್ದರಿಂದ, ಶಿಮ್ಲಾ ಮತ್ತು ಕಿನ್ನೌರ್ ಸುತ್ತಿಕೊಂಡು ಸ್ಪಿತಿ ತಲುಪಿದ್ದೆ. ನಾನಿದ್ದ ಮನೆಯಲ್ಲಿಯೂ ಕರಿ ಬಣ್ಣದ, ಎದೆಯ ಮೇಲೆ ಬಿಳಿ ಮಚ್ಚೆಯ ದೊಡ್ಡ ನಾಯಿಯೊಂದಿತ್ತು. ಮೊದಲ ರಾತ್ರಿ ನಿಮಗಾದ ಸಂಕಟವೇ ನನಗೂ ಆಯಿತು. ಮನೆಯ ಅಜ್ಜಿಯನ್ನು ಕಾಡಿ ಬೇಡಿ ಅದನ್ನು ಒಲೆಯ ಕೋಣೆಗೆ ಕರೆಸಿದೆ. ಹತ್ತು ನಿಮಿಷವೂ ಆಗಿರಲಿಲ್ಲ, ನಾಯಿ ನಾಲಗೆ ಚಾಚಿ ಏದುಸಿರು ಬಿಡುತ್ತ ಬಾಗಿಲನ್ನು ಕೆರೆಯತೊಡಗಿತು. ಅಜ್ಜಿ ನಗಲಿಲ್ಲ, ಬೈಯಲೂ ಇಲ್ಲ. ಎದ್ದು ಬಾಗಿಲು ತೆರೆದು, ‘ಅದಕ್ಕೆ ಇಲ್ಲಿ ಜೇಷ್ಠದ ಬಿಸಿಲಾಗಿದೆ’ ಎಂದರು. ಮರುದಿನ ನಸುಕಿನಲ್ಲಿ ಮಾಳಿಗೆ ಹತ್ತಿ ನೋಡಿದರೆ ಮೂತಿಯನ್ನು ಬಾಲದ ಕೆಳಗೆ ಹುದುಗಿಸಿ ಸುರುಳಿ ಸುತ್ತಿ ಮಲಗಿದ್ದ ನಾಯಿಯ ಬೆನ್ನ ಮೇಲೆ ರಾತ್ರಿ ಬಿದ್ದ ಹಿಮ ಕರಗದೆ ಹಾಗೆಯೇ ಕುಳಿತಿತ್ತು. ಅದು ಕರಗದಿರುವುದೇ ಅದರ ಕ್ಷೇಮದ ಗುರುತು: ಮೈಯ ಬಿಸಿ ಹೊರಗೆ ಸೋರುತ್ತಿಲ್ಲ ಎಂದರ್ಥ.

ಈ ನಾಯಿಗಳಿಗೆ ಎರಡು ಪದರದ ರೋಮವಿದೆ. ಹೊರಗಿನದು ಒರಟು, ಹಿಮವನ್ನು ತಡೆಯುತ್ತದೆ. ಒಳಗಿನದು ಹತ್ತಿಯಂತೆ ದಟ್ಟ, ಬಿಸಿಯನ್ನು ಹಿಡಿದಿಡುತ್ತದೆ. ಪಾದದಲ್ಲಿ ಬಿಸಿ ರಕ್ತದ ನಾಳಗಳೂ ತಣ್ಣನೆಯ ರಕ್ತದ ನಾಳಗಳೂ ಒಂದಕ್ಕೊಂದು ಅಂಟಿಕೊಂಡು ಸಾಗುವುದರಿಂದ ಮೇಲೇರುವ ರಕ್ತ ದಾರಿಯಲ್ಲೇ ಬೆಚ್ಚಗಾಗುತ್ತದೆ. ಟಿಬೆಟ್ ಪ್ರಸ್ಥಭೂಮಿಯ ಮಾಸ್ಟಿಫ್ ನಾಯಿಗಳಿಗೆ ತೆಳುಗಾಳಿಯಲ್ಲಿ ಬದುಕುವ ಶಕ್ತಿಯ ಒಂದು ಪಾಲು ಅಲ್ಲಿನ ತೋಳಗಳಿಂದಲೇ, ಹಳೆಯ ಕಾಲದ ಬೆರಕೆಯಿಂದ ಬಂದಿದೆ ಎಂದು ವಂಶವಾಹಿಗಳ ಅಧ್ಯಯನಗಳು ತಿಳಿಸಿವೆ. ಇಂಥ ಮೈಗೆ ನೀವು ಉಣ್ಣೆಯ ಅಂಗಿ ತೊಡಿಸಿದರೆ ಅದು ಹಿಮದಲ್ಲಿ ಒದ್ದೆಯಾಗಿ, ರಾತ್ರಿ ಹೆಪ್ಪುಗಟ್ಟಿ, ರೋಮವನ್ನು ಅದುಮಿ, ಇರುವ ಬಿಸಿಯನ್ನೂ ಕಳೆಯುತ್ತದೆ. ಸಂಗ್ರಹಿಸಿದ ಅಂಗಿಗಳನ್ನು ನಿಮ್ಮೂರಿನ ಕೂದಲು ಕಡಿಮೆಯಿರುವ ಮುದಿ ನಾಯಿಗಳಿಗೆ ಕೊಡಿ.

ಆ ಮನೆಯಲ್ಲಿ ಕಳೆದ ದಿನಗಳಲ್ಲಿ ನಾನು ನೋಡಿದ್ದನ್ನು ಇನ್ನೂ ಸ್ವಲ್ಪ ಹೇಳುತ್ತೇನೆ. ಸ್ಪಿತಿಯಲ್ಲಿ ಮಣ್ಣಿನ ಮಾಳಿಗೆಯ ಮನೆಗಳು. ಪ್ರತಿ ಸಲ ಹಿಮ ಬಿದ್ದಾಗಲೂ ಮೇಲೆ ಹತ್ತಿ ಸಲಿಕೆಯಿಂದ ಎಳೆದು ಹಾಕದಿದ್ದರೆ ಕರಗಿದ ನೀರು ಒಳಗೆ ಇಳಿಯುತ್ತದೆ. ಮನೆಮಂದಿ ಹಿಮ ತೆಗೆಯುವಾಗ ನಾಯಿ ಮಾಳಿಗೆಯ ಅಂಚಿನಲ್ಲಿ, ಒಣಹುಲ್ಲಿನ ಹೊರೆಗಳ ಪಕ್ಕದಲ್ಲಿ ಕುಳಿತು ಕಣಿವೆಯನ್ನು ನೋಡುತ್ತಿತ್ತು. ನಲ್ಲಿಗಳು ಹೆಪ್ಪುಗಟ್ಟಿರುವುದರಿಂದ ಹೆಂಗಸರು ಊರ ಹೊರಗಿನ ಒರತೆಯಿಂದ ನೀರು ಹೊತ್ತು ತರಬೇಕು. ಹೋಗುವಾಗ ಮುಂದೆ, ಬರುವಾಗ ಹಿಂದೆ, ನಾಯಿ ಅವರ ಜೊತೆಯಲ್ಲೇ. ಬಿಸಿಲು ಏರಿದ ಮೇಲೆ ನೆಲಮಾಳಿಗೆಯ ಕೊಟ್ಟಿಗೆಯಿಂದ ಕುರಿ, ಮೇಕೆಗಳನ್ನು ಬಿಸಿಲ ಇಳಿಜಾರಿಗೆ ಬಿಟ್ಟರೆ ಅವು ಮರಳುವವರೆಗೂ ಅದು ಮನೆಗೆ ಬರುತ್ತಿರಲಿಲ್ಲ. ಸಂಜೆ ದನಕರುಗಳಿಗೆ ಮೇವಾದ ಮೇಲೆ, ಮನೆಯವರು ಉಣ್ಣುವ ಮುನ್ನ, ಹುರಿದ ಬಾರ್ಲಿ ಹಿಟ್ಟನ್ನು ಮಜ್ಜಿಗೆಯ ನೀರಿನಲ್ಲಿ ಕದಡಿ, ಮೂಳೆಯ ತುಣುಕಿದ್ದರೆ ಹಾಕಿ, ಅಜ್ಜಿ ತಾವೇ ಮೇಲೆ ಕೊಂಡೊಯ್ದು ಕೊಡುತ್ತಿದ್ದರು. ನೀವು ‘ಬೇರೇನೂ ಇಲ್ಲ’ ಎಂದು ಬರೆದ ಗಂಜಿ ಅದೇ. ಆ ಚಳಿಗಾಲದಲ್ಲಿ ಆ ಮನೆಯವರೂ ಉಣ್ಣುತ್ತಿದ್ದದ್ದು ಬಹುತೇಕ ಅದೇ ಹಿಟ್ಟನ್ನು. ರಾತ್ರಿ ನಾಯಿ ಬೊಗಳಿದರೆ ಮನೆಯ ಹಿರಿಯರು ಹಾಸಿಗೆಯಲ್ಲಿಯೇ ಕಿವಿಗೊಟ್ಟು, ಇದು ನರಿಗೆ, ಇದು ತೋಳಕ್ಕೆ, ಇದು ಊರಿಗೆ ಬಂದ ಪರನಾಯಿಗೆ ಎಂದು ಹೇಳುತ್ತಿದ್ದರು. ಒಂದು ಜೀವದ ದನಿಯನ್ನು ಇಷ್ಟು ಬಲ್ಲವರನ್ನು ಕಲ್ಲೆದೆಯವರೆನ್ನಲು ನನಗೆ ನಾಲಗೆ ಬರುವುದಿಲ್ಲ.

ನನ್ನ ಬಾಲ್ಯ ಕಳೆದದ್ದು ಮಲೆನಾಡಿನಲ್ಲಿ. ಪುಷ್ಯದ ಚಳಿಯಲ್ಲಿ ನಮ್ಮ ಮನೆಯ ನಾಯಿ ಬಚ್ಚಲ ಒಲೆಯ ಬೂದಿಯಲ್ಲಿ ಮಲಗಿ, ಬೆಳಿಗ್ಗೆ ಮೈ ಕೊಡವಿದಾಗ ಅಂಗಳವೆಲ್ಲ ಬೂದಿಯಾಗುತ್ತಿತ್ತು. ಒಕ್ಕಲಾಟದ ದಿನಗಳಲ್ಲಿ ಕಣದ ಕಾವಲಿಗೆ ಅಪ್ಪನೊಂದಿಗೆ ಅದೂ ಹೋಗುತ್ತಿತ್ತು. ಅದನ್ನು ಯಾರೂ ತೊಡೆಯ ಮೇಲೆ ಕೂರಿಸಿ ಮುದ್ದಾಡಿದ ನೆನಪಿಲ್ಲ. ಆದರೆ ಅದನ್ನು ಚಿರತೆ ಹೊತ್ತೊಯ್ದ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಈಗ ಬಿಸ್ಕತ್ತಿನ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಇದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪಿತಿಯ ಮುಖ್ಯ ಊರಾದ ಕಾಜಾ ಪೇಟೆಗೆ ಪ್ರವಾಸಿಗರು ಮುಗಿಬೀಳುತ್ತಾರೆ. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯ ಮೇಲಿನ ರೋಹ್ತಾಂಗ್ ಕಣಿವೆದಾರಿಯ ಆಚೆಗಿನ ನಾಡಿಗೆ ಹೋಗಿಬರುವುದು ಇನ್ನೂ ಸುಲಭವಾಯಿತು. ಹೋಟೆಲುಗಳ ಹಿಂದೆ ಎಸೆದ ಅನ್ನ, ದಾರಿಹೋಕರು ಎಸೆದ ಬಿಸ್ಕತ್ತು, ಬ್ರೆಡ್ಡುಗಳಿಂದ ನಾಯಿಗಳು ಕೊಬ್ಬುತ್ತವೆ, ಮರಿ ಹಾಕುತ್ತವೆ, ಮನೆಯ ನಾಯಿಗಳೂ ಮಂದೆಯನ್ನು ಬಿಟ್ಟು ಪೇಟೆಯ ದಾರಿ ಹಿಡಿಯುತ್ತವೆ. ಅಕ್ಟೋಬರ್ ಕಳೆಯುತ್ತಲೇ ಹೋಟೆಲುಗಳು ಬೀಗ ಹಾಕುತ್ತವೆ, ಅತಿಥಿಗಳು ಕೆಳಗಿಳಿಯುತ್ತಾರೆ, ಅವರ ಕೈಯಿಂದ ತಿಂದ ನಾಯಿಗಳು ಅಲ್ಲಿಯೇ ಉಳಿಯುತ್ತವೆ. ಉಷ್ಣಾಂಶ ಸೊನ್ನೆಗಿಂತ 20, 25 ಡಿಗ್ರಿ ಕೆಳಗಿಳಿಯುವ ಆ ತಿಂಗಳುಗಳಲ್ಲಿ ಅವು ಗುಂಪುಗಟ್ಟಿ ಮೇಲಿನ ಹಳ್ಳಿಗಳಿಗೆ ಏರಿ ಕರುಗಳನ್ನು, ಕುರಿಗಳನ್ನು ಹರಿದು ತಿನ್ನುತ್ತವೆ. ಹಸಿದ ಗುಂಪು ಒಮ್ಮೊಮ್ಮೆ ಮನುಷ್ಯರ ಮೇಲೂ ಎರಗುತ್ತದೆ. ಮೇಲಿನ ಸ್ಪಿತಿಯ ಜನರನ್ನು ಕೇಳಿ ನೋಡಿ: ಹಿಮಚಿರತೆಗಿಂತ ಹೆಚ್ಚು ಜಾನುವಾರುಗಳನ್ನು ಕಳೆದುಕೊಂಡದ್ದು ನಾಯಿಗಳಿಗೆ ಎನ್ನುತ್ತಾರೆ. ನಿಮ್ಮ ಮನೆಯೊಡೆಯರು ಬಿಸ್ಕತ್ತು ಬೇಡವೆಂದದ್ದು ಜಿಪುಣತನದಿಂದಲ್ಲ, ತಮ್ಮ ನಾಯಿ ತಮ್ಮದಾಗಿಯೇ ಉಳಿಯಲಿ ಎಂದು.

ಲಡಾಖ್‌ನ ಕಥೆಯೂ ಇದೇ. ಅಲ್ಲಿ ಸೇನಾ ಶಿಬಿರಗಳ ಮತ್ತು ಪ್ರವಾಸಿ ನೆಲೆಗಳ ಕಸದ ಮೇಲೆ ಬೆಳೆದ ನಾಯಿಗಳು ಕಪ್ಪು ಕೊರಳಿನ ಕೊಕ್ಕರೆಯ ಮೊಟ್ಟೆ ಮರಿಗಳನ್ನು ಬಿಡುವುದಿಲ್ಲ. ತೋಳಗಳೊಂದಿಗೆ ಕೂಡಿ ಹುಟ್ಟಿದ ಬೆರಕೆ ಸಂತಾನಕ್ಕೆ ಅಲ್ಲಿಯ ಜನ ‘ಖಿಬ್‌ಶಾಂಗ್’ ಎಂಬ ಹೆಸರನ್ನೇ ಇಟ್ಟಿದ್ದಾರೆ. ದೇಶದಾದ್ಯಂತ ನಾಯಿಗಳ ದಾಳಿಗೆ ಸಿಕ್ಕ ವನ್ಯಜೀವಿಗಳ ಕುರಿತು 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು 80 ಪ್ರಭೇದಗಳನ್ನು ಗುರುತಿಸಿತು, ಅವುಗಳಲ್ಲಿ 31 ಅಳಿವಿನ ಭೀತಿಯಲ್ಲಿರುವಂಥವು. ನೀವು ನೋಡಲು ಹೋದ ಹಿಮಚಿರತೆಯೂ ತಾನು ಹೊಡೆದ ಬೇಟೆಯನ್ನು ನಾಯಿಗಳ ಗುಂಪಿಗೆ ಬಿಟ್ಟು ಹಿಂದೆ ಸರಿಯಬೇಕಾಗುತ್ತದೆ.

ಆದ್ದರಿಂದ ಕಾಜಾ ಪೇಟೆಯ ಬಡಕಲು ನಾಯಿಯನ್ನು ಕಂಡು ಬೆಟ್ಟದವರನ್ನು ದೂರುವಾಗ ನನಗೆ ಸಿಟ್ಟು ಬರುತ್ತದೆ. ಮಾಳಿಗೆಯ ನಾಯಿಗೆ ಒಡೆಯರಿದ್ದಾರೆ, ಕೆಲಸವಿದೆ, ಹೊತ್ತಿಗೆ ಗಂಜಿಯಿದೆ. ಪೇಟೆಯ ನಾಯಿಯನ್ನು ಸಾಕಿದವರು ನಾವು, ನಾಲ್ಕೇ ತಿಂಗಳು ಸಾಕಿ ಕೈಬಿಟ್ಟವರೂ ನಾವು. ಇದೇ ಹಿಮಾಲಯವನ್ನು ಏರುವಾಗ ಧರ್ಮರಾಯನ ಹಿಂದೆ ಒಂದು ನಾಯಿ ಹೋಯಿತೆಂದು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಆತ ಅದಕ್ಕೆ ತಿನ್ನಲು ಏನು ಕೊಟ್ಟನೆಂದು ಕಥೆ ಹೇಳುವುದಿಲ್ಲ. ಸ್ವರ್ಗದ ರಥ ಎದುರಿಗೆ ನಿಂತಾಗಲೂ, ನಂಬಿ ಬಂದದ್ದನ್ನು ಬಿಡಲಾರೆ ಎಂದನಷ್ಟೆ. ನಮ್ಮ ಪ್ರವಾಸದ ಬಸ್ಸು ಹೊರಡುವಾಗ ನಾವು ಹಿಂತಿರುಗಿಯೂ ನೋಡುವುದಿಲ್ಲ.

ಈ ಕೈಬಿಡುವ ರೋಗ ಅಲ್ಲಿಗೆ ನಿಂತಿಲ್ಲ. ಬೆಂಗಳೂರಿನ ಬೇಸಿಗೆಯಲ್ಲಿ, ಮೂರನೆಯ ಮಹಡಿಯ ಮನೆಯಲ್ಲಿ ಸೈಬೀರಿಯದ ಹಸ್ಕಿಯನ್ನು ಏಸಿ ಹಾಕಿ ಸಾಕುತ್ತಾರೆ; ಸಾಕಲಾಗದಿದ್ದಾಗ ಘಟ್ಟದ ತಿರುವಿನಲ್ಲಿ ಇಳಿಸಿ ಹೋಗುತ್ತಾರೆ. ನಮ್ಮೂರಿನ ದಾರಿಯಲ್ಲಿ ಹೀಗೆ ಬಿಟ್ಟ ಲ್ಯಾಬ್ರಡಾರ್ ಒಂದು ಪ್ರತಿ ಕಾರಿನ ಹಿಂದೆಯೂ ಓಡುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಐದನೆಯ ದಿನ ಅದು ಅಲ್ಲಿರಲಿಲ್ಲ. 2025ರ ಆಗಸ್ಟ್‌ನಲ್ಲಿ ದೆಹಲಿಯ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ ಆದೇಶ ನೀಡಿ, ಕೆಲವೇ ದಿನಗಳಲ್ಲಿ ಅದನ್ನು ಮಾರ್ಪಡಿಸಿದಾಗ ದೇಶವೆಲ್ಲ ಎರಡು ಪಾಲಾಗಿ ಕೂಗಾಡಿತು. ಆ ಕೂಗಾಟದಲ್ಲಿ ಕರು ಕಳೆದುಕೊಂಡ ಸ್ಪಿತಿಯ ಹೆಂಗಸಿನ ಮಾತು ಒಂದು ಸಾಲೂ ನನ್ನ ಕಣ್ಣಿಗೆ ಬೀಳಲಿಲ್ಲ.

ನಮ್ಮ ನಾಡಿಗೆ ನಾಯಿಯ ಬೆಲೆ ಗೊತ್ತಿಲ್ಲದೆ ಇರಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ವೀರಗಲ್ಲನ್ನು ನೋಡಿ ಬನ್ನಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗ ದೊರೆ ಬೂತುಗ ಏನು ಬೇಕೆಂದು ಕೇಳಿದಾಗ ಆತ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಹಂದಿಯೊಂದಿಗೆ ಕಾದಾಡಿ, ಎರಡೂ ಸತ್ತವು. ಆ ನಾಯಿಗಾಗಿ ಕಲ್ಲು ನಿಲ್ಲಿಸಿದರು. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಸಿ ನಾಯಿಗಳ ಅಂಚೆಚೀಟಿ ತಂದಾಗ ನಮ್ಮ ಮುಧೋಳದ ನಾಯಿಯೂ ಹಿಮಾಲಯದ ಕುರಿನಾಯಿಯೂ ಜೊತೆಯಾಗಿ ಬಂದವು. ಕರ್ನಾಲ್‌ನಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಅಧಿಕೃತವಾಗಿ ನೋಂದಾಯಿಸಿದ ದೇಸಿ ತಳಿಗಳಲ್ಲಿ ರಾಜಪಾಳಯಂ, ಚಿಪ್ಪಿಪಾರೈ, ಮುಧೋಳಗಳ ಸಾಲಿಗೆ ಗದ್ದಿಯೂ ಸೇರಿದೆ. ನೀವು ಕಣ್ಣೀರಿಟ್ಟದ್ದು ಆ ಗದ್ದಿ ನಾಯಿಗಾಗಿಯೇ.

ನಿಮ್ಮ ಗೆಳತಿಯರ ಬಳಿ ಹಣವಿದ್ದರೆ ಅದಕ್ಕೂ ದಾರಿಯಿದೆ. ಸ್ಪಿತಿಯಲ್ಲಿ ನಾಯಿಗಳ ಸಂತಾನಹರಣದ ಮತ್ತು ಲಸಿಕೆಯ ಶಿಬಿರಗಳು ನಡೆದಿವೆ. ಒಂದು ವರ್ಷ ನಡೆದು ಮರುವರ್ಷ ನಿಂತರೆ ಅವುಗಳಿಂದ ಪ್ರಯೋಜನವಿಲ್ಲ, ಬಿಟ್ಟುಹೋದ ಕೆಲವೇ ನಾಯಿಗಳಿಂದ ಸಂಖ್ಯೆ ಮತ್ತೆ ಮೊದಲಿನಷ್ಟೇ ಆಗುತ್ತದೆ. ನಮ್ಮ ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಕಿಬ್ಬರ್‌ನ ಜನರೊಂದಿಗೆ ಬಹುಕಾಲದಿಂದ ಕೆಲಸ ಮಾಡುತ್ತಿದೆ, ಹಿಮಚಿರತೆಗೆ ಬಲಿಯಾದ ಜಾನುವಾರುಗಳಿಗೆ ಊರವರೇ ನಡೆಸುವ ವಿಮೆಯೂ ಅಲ್ಲಿದೆ. ಮೊದಲು ಅವರಿಗೆ ಪತ್ರ ಬರೆದು, ಹಳ್ಳಿಯವರಿಗೆ ಬೇಕಾದದ್ದು ಏನೆಂದು ಕೇಳಿ, ಆಮೇಲೆ ಹಣ ಕಳಿಸಿ. ಮುಂದಿನ ಸಲ ಹೋದಾಗ ಕಾಜಾದಲ್ಲಿ ನೀವು ಉಳಿಯುವ ಹೋಟೆಲಿನವರನ್ನು, ಉಳಿದ ಅನ್ನವನ್ನು ಎಲ್ಲಿಗೆ ಹಾಕುತ್ತೀರಿ ಎಂದು ಕೇಳಿ. ಆ ಪ್ರಶ್ನೆಯನ್ನು ಹತ್ತು ಜನ ಅತಿಥಿಗಳು ಕೇಳಿದರೆ ಅವರು ಕಿವಿಗೊಡುತ್ತಾರೆ.

ಕೊನೆಯದಾಗಿ ಒಂದು ವಿನಂತಿ. ಮೂರು ಪುಟಗಳ ನಿಮ್ಮ ಪತ್ರದಲ್ಲಿ ಆ ನಾಯಿಯ ಬಣ್ಣವಿದೆ, ಅದರ ಕಣ್ಣುಗಳ ವರ್ಣನೆಯಿದೆ, ಅದು ಮಲಗುತ್ತಿದ್ದ ಜಾಗವಿದೆ. ಅದರ ಹೆಸರು ಮಾತ್ರ ಇಲ್ಲ. ಕಾಳಿಯ ಹೆಸರನ್ನು ಸಾವಿರ ವರ್ಷಗಳ ಹಿಂದೆ ನಮ್ಮವರು ಕಲ್ಲಿನಲ್ಲಿ ಕಡೆದಿಟ್ಟರು. ಆ ಮನೆಯವರ ದೂರವಾಣಿ ಸಂಖ್ಯೆ ನಿಮ್ಮಲ್ಲಿರಬೇಕು. ಅವರನ್ನು ಕೇಳಿ, ಮುಂದಿನ ಪತ್ರದಲ್ಲಿ ನನಗೂ ತಿಳಿಸಿ.