ಜಕಾರ್ತಾಕ್ಕೆ ಹೊರಟ ಬದಿಯಡ್ಕದ ತಂಗಿಗೆ

ತಂಗೀ, ಕೆಲಸ ಸಿಕ್ಕಿದ್ದು ಕೇಳಿ ತುಂಬ ಖುಷಿಯಾಯಿತು. "ಅಕ್ಕ, ಇಂಡೋನೇಷ್ಯಾದಲ್ಲಿ ಪ್ರಜಾಪ್ರಭುತ್ವ ಹಾಳಾಗ್ತಾ ಉಂಟಂತೆ, ಅಪ್ಪ ಹೆದರ್ತಾರೆ, ಬರ್ಬಹುದಾ?" ಎಂದು ಕೇಳಿದ್ದೀಯಲ್ಲ, ಬರಬಹುದು. ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ, ರಾತ್ರಿ ಒಂಬತ್ತಕ್ಕೂ ಒಬ್ಬಳೇ ಬಸ್ಸಿನಲ್ಲಿ ಮನೆಗೆ ಬರುತ್ತೇನೆ. ತೆಂಗು, ಹಲಸು, ಮಳೆ ಎಲ್ಲ ಊರಿನ ಹಾಗೆಯೇ. ಆದರೆ ಅಪ್ಪನ ಹೆದರಿಕೆಯಲ್ಲಿ ಸತ್ಯ ಉಂಟು.

2024ರ ಫೆಬ್ರವರಿ 14ರಂದು ನಮ್ಮ ಗಲ್ಲಿಯಲ್ಲೇ ಮತಗಟ್ಟೆ ಇತ್ತು. ಇಲ್ಲಿ ಯಂತ್ರವಿಲ್ಲ, ಚೀಟಿಗೆ ಮೊಳೆಯಿಂದ ತೂತು ಹೊಡೆದು ಬೆರಳನ್ನು ಶಾಯಿಯಲ್ಲಿ ಅದ್ದುತ್ತಾರೆ. ಮಧ್ಯಾಹ್ನದ ಮೇಲೆ ಅಲ್ಲಿಯೇ ಎಣಿಕೆ. ಒಂದೊಂದು ಚೀಟಿಯನ್ನೂ ಬಿಡಿಸಿ, ಎತ್ತಿ ಜನಕ್ಕೆ ತೋರಿಸಿ, ದೊಡ್ಡ ಹಾಳೆಯಲ್ಲಿ ಐದೈದರ ಗೀಟು ಎಳೆದರು. ನೆರೆಕರೆಯವರು ಕೂತು ನೋಡಿದರು. ನನಗೆ ಕಣ್ಣು ತುಂಬಿ ಬಂತು.

ಆದರೆ ಆಟ ನಾಲ್ಕು ತಿಂಗಳ ಮೊದಲೇ ಕೆಟ್ಟಿತ್ತು. ಉಪಾಧ್ಯಕ್ಷರಾಗಲು 40 ವರ್ಷ ಆಗಿರಬೇಕಿತ್ತು. ಆಗಿನ ಅಧ್ಯಕ್ಷ ಜೋಕೋವಿಯವರ ಮಗ ಗಿಬ್ರಾನ್‌ಗೆ ಆಗ 36. 2023ರ ಅಕ್ಟೋಬರಿನಲ್ಲಿ ಸಂವಿಧಾನ ನ್ಯಾಯಾಲಯ, ಚುನಾವಣೆ ಗೆದ್ದು ಪ್ರಾಂತ ಅಥವಾ ನಗರ ಆಳಿದವರಿಗೆ ಆ ತಡೆ ಇಲ್ಲ ಎಂದಿತು. ಗಿಬ್ರಾನ್ ಆಗ ಸೋಲೋ ನಗರದ ಮೇಯರ್. ಆ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರು ಗಿಬ್ರಾನ್ ಅವರ ಸೋದರತ್ತೆಯ ಗಂಡ. ಆಮೇಲೆ ನ್ಯಾಯಾಲಯದ ನೈತಿಕ ಮಂಡಳಿ ಮಾವನನ್ನು ಮುಖ್ಯ ನ್ಯಾಯಾಧೀಶರ ಸ್ಥಾನದಿಂದ ಇಳಿಸಿತು. ತೀರ್ಪು ಉಳಿಯಿತು, ಅಳಿಯ ಉಪಾಧ್ಯಕ್ಷರಾದರು. ಭ್ರಷ್ಟಾಚಾರ ನಿಗ್ರಹ ಆಯೋಗದ ಬಲವನ್ನು 2019ರಲ್ಲೇ ಕಾನೂನು ತಿದ್ದಿ ಕುಗ್ಗಿಸಿದ್ದರು. 2025ರ ಮಾರ್ಚಿನಲ್ಲಿ ಸೇವೆಯಲ್ಲಿರುವ ಸೈನಿಕರಿಗೆ ಇನ್ನಷ್ಟು ಸರಕಾರಿ ಹುದ್ದೆಗಳನ್ನು ತೆರೆದರು. 1998ರಲ್ಲಿ ಸೇನಾಧಿಕಾರಿಯಾಗಿದ್ದ ಸುಹಾರ್ತೋ ಅವರ 32 ವರ್ಷದ ಆಳ್ವಿಕೆ ಮುಗಿಸಲು ಬೀದಿಗಿಳಿದ ವಿದ್ಯಾರ್ಥಿಗಳು ಕೇಳಿದ್ದು ಇದರ ತದ್ವಿರುದ್ಧ.

ಹೊರಗೆ ಎಲ್ಲ ಸರಿಯಾಗಿದ್ದು ಒಳಗೆ ಟೊಳ್ಳಾಗುವುದನ್ನು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ನಾನು ಕಲಿತ ಕನ್ನಡ ಶಾಲೆಗೆ ಕನ್ನಡ ಬಾರದ ಗಣಿತದ ಮಾಸ್ತರರು ಬಂದ ವರ್ಷ ಬೋರ್ಡು, ಪುಸ್ತಕ, ಹಾಜರಿ ಎಲ್ಲ ಕನ್ನಡದಲ್ಲೇ ಇತ್ತು. ಲೆಕ್ಕ ಮಾತ್ರ ನಮ್ಮ ತಲೆಗೆ ಹೋಗಲಿಲ್ಲ. ಆ ಎಣಿಕೆಯ ಹಾಳೆ ನೋಡುವಾಗ ಆ ತರಗತಿಯೇ ನೆನಪಾಯಿತು.

ಜನ ಸುಮ್ಮನೆ ಕೂತಿಲ್ಲ ಮಾರಾಯ್ತಿ. ಸಂಸದರಿಗೆ ತಿಂಗಳಿಗೆ ಇಲ್ಲಿಯ ಹಣದಲ್ಲಿ 5 ಕೋಟಿ ರುಪಿಯಾ ಮನೆಭತ್ಯೆ, ಇಲ್ಲಿಯ ಕನಿಷ್ಠ ಕೂಲಿಯ ಒಂಬತ್ತು ಪಟ್ಟಿಗೂ ಮೇಲೆ, ಎಂದು ಗೊತ್ತಾದಾಗ 2025ರ ಆಗಸ್ಟಿನಲ್ಲಿ ಬೀದಿ ತುಂಬಿತು. ಬಾಡಿಗೆ ಬೈಕ್ ಓಡಿಸುವ 21ರ ಹುಡುಗ ಪೊಲೀಸ್ ವಾಹನದಡಿ ಸತ್ತ. ಮರುದಿನ ಹಸಿರು ಜಾಕೆಟ್ಟಿನ ಸಾವಿರಾರು ಬೈಕಿನವರು ಅವನನ್ನು ಕಳಿಸಿಕೊಡಲು ಬಂದರು. ಕೊನೆಗೆ ಭತ್ಯೆ ಹಿಂದೆ ಹೋಯಿತು.

ನೀನು ಮೆರವಣಿಗೆಗೆ ಹೋಗಬೇಡ, ಪರದೇಶದವರ ವಾಸದ ಪರವಾನಗಿಗೇ ಕುತ್ತು. ಕಚೇರಿ ಸಂಸತ್ತಿನ ಹತ್ತಿರ, ಸೆನಯಾನ್ ಕಡೆ ಆದರೆ ಅಂಥ ದಿನ ಬೇಗ ಹೊರಡು. ಭಾಷೆಯನ್ನು ಮಾತ್ರ ಬಂದ ದಿನದಿಂದ ಕಲಿ. ಜಾವಾ ಭಾಷೆಯವರೇ ಹೆಚ್ಚಿದ್ದರೂ 1928ರಲ್ಲಿ ಇಲ್ಲಿಯ ಯುವಕರು ಮಲಯ ಮೂಲದ ನುಡಿಯನ್ನು ಎಲ್ಲರದ್ದೆಂದು ಒಪ್ಪಿಕೊಂಡರು. ಗಡಿಯ ಮಕ್ಕಳಾದ ನಮಗೆ ಅದು ಎಷ್ಟು ದೊಡ್ಡದೆಂದು ಗೊತ್ತು.

ಅಪ್ಪನ ನಂಬರ್ ಕಳಿಸು, ನಾನೇ ಮಾತಾಡುತ್ತೇನೆ.